ಮಾಚುಪಿಚುಗೆ ಕಾಲ್ನಡಿಗೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಿಂದಿನ ಇಂಕಾ ದೊರೆಗಳು ಬೆಟ್ಟದ ಮೇಲೆ ಕಟ್ಟಿಸಿದ ಊರು ಮಾಚುಪಿಚು. ಅಲ್ಲಿಗೆ ಹೋಗುವ ಇಂಕಾ ದಾರಿಯ ಬಗ್ಗೆ ಕಳೆದ ತಿಂಗಳು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ: ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವಳು. ನೌಕರಿಯ ಬಹುಪಾಲು ಮಲೆನಾಡಿನ ಘಾಟಿ ರಸ್ತೆಗಳ ಮೇಲೇ ಕಳೆಯಿತು. ನಿವೃತ್ತಿಯಾದ ಮೇಲೆ ನಡೆದ ದಾರಿಗಳಲ್ಲಿ ಇದರಷ್ಟು ಮನಸ್ಸಿಗೆ ಹಿಡಿಸಿದ್ದು ಇನ್ನೊಂದಿಲ್ಲ.

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ ಶಿಕ್ಷಕಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಂಡಿ ಸದ್ಯಕ್ಕೆ ಚೆನ್ನಾಗಿದೆ. ಶಿಕಾಗೋದಲ್ಲಿರುವ ಮಗಳು ಬರುವ ಜೂನ್‌ನಲ್ಲಿ ಮಾಚುಪಿಚುಗೆ ನಡೆದುಕೊಂಡೇ ಹೋಗೋಣ ಅಮ್ಮಾ ಅಂತಿದ್ದಾಳೆ. ನನ್ನ ಕೈಲಾಗುತ್ತಾ ಮೇಡಂ? (ಓದುಗರೊಬ್ಬರು, ತೀರ್ಥಹಳ್ಳಿ)

ಆಗುತ್ತೆ ಟೀಚರ್. ಆದರೆ ಯಾವ ದಾರಿ ಅನ್ನುವುದು ಮೊದಲು ತೀರ್ಮಾನವಾಗಬೇಕು.

ಜನ ಸಾಮಾನ್ಯವಾಗಿ ಇಂಕಾ ದಾರಿ ಅನ್ನುವುದು ನಾಲ್ಕು ದಿನದ ನಡಿಗೆಗೆ. ಮಾಚುಪಿಚು ಕಡೆಗೆ ಹೋಗುವ ರೈಲು ಹಳಿಯ 82ನೇ ಕಿಲೋಮೀಟರಿನಲ್ಲಿ ಶುರು. ಒಟ್ಟು ಸುಮಾರು 42 ಕಿ.ಮೀ. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಕಷ್ಟವೆಲ್ಲ ಎತ್ತರದ್ದು. ಮೊದಲ ದಿನ ಉರುಬಂಬಾ ನದಿಯ ಪಕ್ಕದಲ್ಲಿ ಹೊರಟು, ಸಂಜೆಗೆ ವಯ್ಯಬಾಂಬ ಅನ್ನುವ ಹಳ್ಳಿ ಸೇರುತ್ತೀರಿ. ಅದು 3,000 ಮೀಟರ್ ಎತ್ತರದಲ್ಲಿದೆ. ಎರಡನೇ ದಿನ ಅಲ್ಲಿಂದ ವಾರ್ಮಿವಾನ್ಯುಸ್ಕ ಅನ್ನುವ ಘಟ್ಟದ ನೆತ್ತಿಗೆ ಹತ್ತಬೇಕು. ಅದು 4,215 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಆ ನೆತ್ತಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ. ಹತ್ತು ಹೆಜ್ಜೆ ಇಟ್ಟು ನಿಲ್ಲಬೇಕು, ಮತ್ತೆ ಹತ್ತು ಹೆಜ್ಜೆ. ಹತ್ತಿದ ಮೇಲೆ ಆಚೆ ಬದಿಯಲ್ಲಿ ಸುಮಾರು 600 ಮೀಟರ್ ಮೆಟ್ಟಿಲು ಇಳಿಯಬೇಕು. ಮಂಡಿ ಮಾತಾಡುವುದು ಅಲ್ಲೇ.

ಎತ್ತರದ ಕಾಯಿಲೆಗೆ ಅಲ್ಲಿನವರು ಸೊರೋಚೆ ಅಂತಾರೆ. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಹತ್ತದೇ ಇರುವುದು ಅದರ ಲಕ್ಷಣ. ಇದು ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮೊದಲೇ ಹೇಳೋಕಾಗಲ್ಲ. ಗಟ್ಟಿಮುಟ್ಟಾದ ಹುಡುಗರೇ ಮಲಗಿಬಿಡುತ್ತಾರೆ. ಕುಸ್ಕೋ ಊರೇ 3,400 ಮೀಟರ್ ಎತ್ತರದಲ್ಲಿದೆ. ವಿಮಾನದಿಂದ ಅಲ್ಲಿ ಇಳಿದ ದಿನವೇ ಅಲ್ಲಿ ಉಳಿಯಬೇಡಿ. ಕಾರಿನಲ್ಲಿ ಕೆಳಗಿನ ಕಣಿವೆಗೆ, ಒಯ್ಯಾಂತಾಯ್ತಾಂಬೊ ಕಡೆಗೆ ಹೋಗಿಬಿಡಿ. ಅದು 2,800 ಮೀಟರ್ ಎತ್ತರದಲ್ಲಿದೆ, ನಿದ್ದೆ ಬರುತ್ತೆ. ಅಲ್ಲಿ ಎರಡು ಮೂರು ದಿನ ಸುಮ್ನೆ ಓಡಾಡಿಕೊಂಡಿದ್ದು, ಆಮೇಲೆ ನಡಿಗೆ ಶುರು ಮಾಡಿ. ಈ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಅನ್ನುವ ಮಾತ್ರೆ ಇದೆ. ನಿಮ್ಮ ಬಿಪಿ ಮಾತ್ರೆಯ ಜೊತೆ ಅದು ಹೊಂದುತ್ತದಾ, ನಿಮಗೆ ಸಲ್ಫಾ ಅಲರ್ಜಿ ಇದೆಯಾ ಅಂತ ನಿಮ್ಮ ಡಾಕ್ಟರೇ ನೋಡಿ ಹೇಳಬೇಕು. ಕೂತಲ್ಲೇ ಉಸಿರು ಕಟ್ಟಿದರೆ, ಅಥವಾ ನಡಿಗೆ ತೂರಾಡಿದರೆ ಒಂದೇ ಮದ್ದು: ಕೆಳಗಿಳಿಯುವುದು. ಬೆಳಗಾಗಲಿ ನೋಡೋಣ ಅನ್ನುವ ಮಾತೇ ಬೇಡ.

ಈಗ ನನ್ನ ಅಭಿಪ್ರಾಯ. ಇನ್ನೊಂದು ದಾರಿ ಇದೆ, ಒಂದೇ ದಿನದ್ದು. ರೈಲಿನಲ್ಲಿ 104ನೇ ಕಿಲೋಮೀಟರಿನಲ್ಲಿ ಇಳಿದು, ನದಿ ದಾಟಿ ಹತ್ತುವುದು. ಸಿಗುವ ಅತಿ ಹೆಚ್ಚಿನ ಎತ್ತರ ಸುಮಾರು 2,700 ಮೀಟರ್. ವಿನ್ಯಾಯ್ ವಾಯ್ನ ಅನ್ನುವ, ಬೆಟ್ಟದ ಬದಿಯಲ್ಲಿ ಕಟ್ಟೆ ಕಟ್ಟೆಯಾಗಿ ಇಳಿಯುವ ಹಳೆಯ ಇಂಕಾ ಊರನ್ನು ನೋಡಿಕೊಂಡು, ಇಂತಿಪುಂಕು ಅನ್ನುವ ಕಲ್ಲಿನ ಬಾಗಿಲಿನಿಂದಲೇ ಮಾಚುಪಿಚು ಕಾಣುತ್ತೀರಿ. ನಾಲ್ಕು ದಿನ ನಡೆದು ಬಂದವರು ನೋಡುವುದೂ ಅದೇ ಬಾಗಿಲಿನಿಂದ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ಸಲಕ್ಕೆ ಇದನ್ನೇ ಆರಿಸುತ್ತಿದ್ದೆ. ನಾಲ್ಕು ದಿನದ್ದೇ ಬೇಕು ಅನ್ನಿಸಿದರೆ ಇವತ್ತಿನಿಂದಲೇ ಅಭ್ಯಾಸ ಶುರುವಾಗಲಿ. ಕವಲೇದುರ್ಗ ನಿಮ್ಮ ತಾಲ್ಲೂಕಿನಲ್ಲೇ ಇದೆ. ಆ ಕಲ್ಲುಹಾಸಿನ ದಾರಿಯನ್ನು ಬೆನ್ನಿಗೆ ಚೀಲ ಹಾಕಿಕೊಂಡು ವಾರಕ್ಕೆರಡು ಸಲ ಹತ್ತಿ ಇಳಿಯಿರಿ. ಇಳಿಯುವುದನ್ನು ಜಾಸ್ತಿ ಮಾಡಿ. ಮಳೆ ಬಂದು ಕಲ್ಲು ಒದ್ದೆಯಾದಾಗಲೂ ಒಂದೆರಡು ಸಲ ಹುಷಾರಾಗಿ ನಡೆದು ನೋಡಿ, ಅಲ್ಲಿ ಮೂರನೇ ದಿನ ಇರುವುದು ಅಂಥದ್ದೇ ಕಲ್ಲು.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್, ಸಾಫ್ಟ್‌ವೇರ್ ಕೆಲಸ. ಫೆಬ್ರವರಿಯಲ್ಲಿ ರಜೆ ಸಿಗುತ್ತೆ. ಗೈಡ್ ಇಲ್ಲದೆ ನಾವೇ ಟೆಂಟ್ ಹೊತ್ತುಕೊಂಡು ಹೋಗಬಹುದಾ ಮೇಡಂ? (ಬೆಂಗಳೂರು)

ಇಲ್ಲಪ್ಪ, ಎರಡೂ ಆಗಲ್ಲ. ಫೆಬ್ರವರಿ ಪೂರ್ತಿ ಇಂಕಾ ದಾರಿ ಮುಚ್ಚಿರುತ್ತೆ. ಆ ತಿಂಗಳು ಅಲ್ಲಿ ಜೋರು ಮಳೆ, ದಾರಿಯ ದುರಸ್ತಿ ಆಗಲೇ ಆಗೋದು. ವರ್ಷಕ್ಕೊಮ್ಮೆ ಒಂದು ದಾರಿಗೆ ಹೀಗೆ ಬಿಡುವು ಕೊಡುವ ವ್ಯವಸ್ಥೆ ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಉಳಿದ ತಿಂಗಳಲ್ಲೂ ಪರವಾನಗಿ ಪಡೆದ ಸಂಸ್ಥೆ, ಗೈಡ್ ಇಲ್ಲದೆ ಯಾರನ್ನೂ ಬಿಡಲ್ಲ. ದಿನಕ್ಕೆ 500 ಜನಕ್ಕಷ್ಟೇ ಪ್ರವೇಶ. ಅದರಲ್ಲಿ ಹೊರೆಯಾಳುಗಳು, ಅಡುಗೆಯವರು, ಗೈಡುಗಳು ಎಲ್ಲ ಸೇರಿದರು. ನಡೆಯಲು ಬಂದವರ ಪಾಲಿಗೆ ಉಳಿಯುವುದು ಹೆಚ್ಚು ಕಡಿಮೆ 200. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಅಲ್ಲಿ ಒಣ ಹವೆ, ಎಲ್ಲರೂ ಬರುವುದು ಆಗಲೇ. ಆ ತಿಂಗಳುಗಳಿಗಾದರೆ ಐದಾರು ತಿಂಗಳು ಮೊದಲೇ ಕಾದಿರಿಸಿ. ಪರವಾನಗಿ ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತೆ. ಹೆಸರು ಬದಲಾಯಿಸೋಕೆ, ಇನ್ನೊಬ್ಬರಿಗೆ ಕೊಡೋಕೆ ಆಗಲ್ಲ. ನಡುವೆ ಪಾಸ್‌ಪೋರ್ಟ್ ಹೊಸದು ಮಾಡಿಸಿದರೆ ಸಂಸ್ಥೆಗೆ ತಿಳಿಸಿ, ಹಳೆಯದನ್ನೂ ಜೊತೆಗಿಟ್ಟುಕೊಳ್ಳಿ.

ನಿಮ್ಮ ಟೆಂಟ್ ನೀವೇ ಹೊರಬೇಕು ಅನ್ನೋ ಆಸೆ ಇದ್ದರೆ ಚೋಕೆಕಿರಾವ್‌ಗೆ ಹೋಗಿ. ಅದೂ ಇಂಕಾ ಕಾಲದ ದೊಡ್ಡ ಊರೇ. ಅಪುರಿಮಾಕ್ ನದಿಯ ಆಳ ಕಣಿವೆಗೆ ಇಳಿದು ಮತ್ತೆ ಅಷ್ಟೇ ಹತ್ತಬೇಕು, ಹಾಗಾಗಿ ಜನ ಕಡಿಮೆ. ಸಲ್ಕಾಂತಾಯ್ ಹಿಮಪರ್ವತದ ಬದಿಯ ದಾರಿಯೂ ಇದೆ, ಅಲ್ಲಿ ನೆತ್ತಿ 4,600 ಮೀಟರ್. ಎರಡಕ್ಕೂ ಫೆಬ್ರವರಿ ಬೇಡ. ಗುಡ್ಡ ಕುಸಿಯುವ ಕಾಲ ಅದು.

ಪ್ರಶ್ನೆ: ಹಂಪಿ ನಮ್ಮ ಪಕ್ಕದಲ್ಲೇ ಇದೆ. ಅದಕ್ಕಿಂತ ಹೆಚ್ಚಿಂದು ಆ ದಾರಿಯಲ್ಲಿ ಏನಿದೆ? ನೀವು ಬರೀ ಚರಂಡಿ, ಗೋಡೆ ಅಂತ ಬರೆದಿದ್ದೀರಿ! (ಇತಿಹಾಸ ವಿದ್ಯಾರ್ಥಿ, ಹೊಸಪೇಟೆ)

ಚರಂಡಿ, ಗೋಡೆ ಅಂತಲೇ ಮತ್ತೆ ಬರೆಯುತ್ತೇನೆ ತಮ್ಮಾ. ಹೆಚ್ಚು ಕಡಿಮೆಯ ಮಾತು ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿನಗೆ ಬಹಳ ಸಿಗುತ್ತೆ.

ಮೊದಲು ಕಾಲ ನೋಡು. ಪಚಕುಟಿ ಅನ್ನುವ ಇಂಕಾ ದೊರೆ ಮಾಚುಪಿಚು ಕಟ್ಟಿಸಿದ್ದು 15ನೇ ಶತಮಾನದ ಮಧ್ಯದಲ್ಲಿ. ನಮ್ಮ ವಿಜಯನಗರದ ಇಮ್ಮಡಿ ದೇವರಾಯ ತೀರಿಕೊಂಡದ್ದು 1446ರಲ್ಲಿ. ಸ್ಪ್ಯಾನಿಷರು ಕಾಹಮಾರ್ಕದಲ್ಲಿ ಇಂಕಾ ದೊರೆ ಅತಾವಾಲ್ಪನನ್ನು ಹಿಡಿದದ್ದು 1532ರಲ್ಲಿ, ಕೊನೆಯ ಇಂಕಾ ದೊರೆಯನ್ನು ಕೊಂದದ್ದು 1572ರಲ್ಲಿ. ತಾಳಿಕೋಟೆ ಯುದ್ಧ 1565. ಒಬ್ಬರಿಗೊಬ್ಬರು ಇದ್ದಾರೆ ಅಂತಲೇ ಗೊತ್ತಿಲ್ಲದ ಎರಡು ರಾಜ್ಯಗಳು ಒಂದೇ ಹೊತ್ತಿನಲ್ಲಿ ಗ್ರಾನೈಟ್ ಕಡಿಯುತ್ತಿದ್ದವು.

ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕ ಗುಳಿಗಳಿರುತ್ತವಲ್ಲ, ಬೆಣೆ ಹೊಡೆದು ಸೀಳಲು ಕೊರೆದದ್ದು, ನೋಡಿರುತ್ತೀಯ. ಆ ಗುಳಿ ಕೊರೆಯಲು ನಮ್ಮವರ ಕೈಯಲ್ಲಿ ಕಬ್ಬಿಣದ ಉಳಿ ಇತ್ತು. ಇಂಕಾಗಳಿಗೆ ಕಬ್ಬಿಣವೇ ಇರಲಿಲ್ಲ. ಗ್ರಾನೈಟಿಗಿಂತ ಗಟ್ಟಿಯಾದ ಗುಂಡುಕಲ್ಲುಗಳಿಂದ ಕುಟ್ಟಿ ಕುಟ್ಟಿಯೇ ಕಲ್ಲನ್ನು ಹದಕ್ಕೆ ತಂದರು. ಚಕ್ರವನ್ನೂ ಬಳಸಲಿಲ್ಲ. ಕುದುರೆ ಎತ್ತು ಇರಲಿಲ್ಲ. ಇದ್ದದ್ದು ಲಾಮಾ, ಅದರ ಮೇಲೆ ಮನುಷ್ಯ ಕೂರಲು ಆಗಲ್ಲ, ಹೊರುವುದೂ ಸ್ವಲ್ಪವೇ. ಹೀಗಿದ್ದೂ ಇವತ್ತಿನ ಕೊಲಂಬಿಯಾದಿಂದ ಚಿಲಿ, ಅರ್ಜೆಂಟೀನಾ ತನಕ ಹರಡಿದ ರಸ್ತೆಜಾಲ ಮಾಡಿದರು. ಅದರ ಹೆಸರು ಕಾಪಾಕ್ ನ್ಯಾನ್. ಒಟ್ಟು ಸುಮಾರು 30,000 ಕಿ.ಮೀ. 2014ರಲ್ಲಿ ಯುನೆಸ್ಕೋ ಅದನ್ನು ಆರು ದೇಶಗಳ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಚುಪಿಚುಗೆ ಹೋಗುವ ದಾರಿ ಆ ಜಾಲದ ಒಂದು ಎಳೆ.

ಘಾಟಿ ರಸ್ತೆ ಮಾಡಿಸಿದವಳಾಗಿ ನನಗೆ ಅದರಲ್ಲಿ ಕಂಡದ್ದು ಇದು. ಆಗುಂಬೆಯಂಥ ಘಾಟಿಯಲ್ಲಿ ನಾವು ಹೇರ್‌ಪಿನ್ ತಿರುವು ಕೊಡುವುದು ಬಸ್ಸು ಹತ್ತಲಿ ಅಂತ. ಏರು ಹದವಾಗಿರಲೇಬೇಕು. ಗಾಡಿಯೇ ಇಲ್ಲದವರಿಗೆ ಆ ಕಟ್ಟುಪಾಡಿಲ್ಲ. ಬೆಟ್ಟ ಕಡಿದಾದ ಕಡೆ ಮೆಟ್ಟಿಲು ಹಾಕಿ ನೇರ ಮೇಲಕ್ಕೆ ಹೋಗಿಬಿಟ್ಟಿದ್ದಾರೆ. ಕಾಲಾಳು, ಲಾಮಾ, ಸುದ್ದಿ ಒಯ್ಯುವ ಓಟಗಾರ, ಇಷ್ಟು ಜನಕ್ಕೆ ದಾರಿ. ಬಂಡೆ ಅಡ್ಡ ಬಂದ ಒಂದು ಕಡೆ ಅದರ ಬಿರುಕನ್ನೇ ಅಗಲಿಸಿ ಸುರಂಗ ಮಾಡಿದ್ದಾರೆ, ಒಳಗೆ ಮೆಟ್ಟಿಲನ್ನೂ ಅದೇ ಬಂಡೆಯಲ್ಲಿ ಕಡಿದಿದ್ದಾರೆ.

ರಸ್ತೆಗೆ ಮೊದಲ ಶತ್ರು ನೀರು. ಮಲೆನಾಡಿನಲ್ಲಿ ಒಂದು ಮೋರಿ ಮುಚ್ಚಿಹೋದರೆ ಸಾಕು, ಒಂದೇ ಮಳೆಗಾಲದಲ್ಲಿ ಅರ್ಧ ರಸ್ತೆ ಕಣಿವೆಗೆ ಹೋಗುತ್ತೆ. ಸಯಕ್‌ಮಾರ್ಕ ಅನ್ನುವ ಪಾಳು ಊರು ದಾಟಿದ ಮೇಲೆ ದಾರಿ ಮೋಡದ ಕಾಡಿನೊಳಗೆ ಹೋಗುತ್ತದಲ್ಲ, ಅಲ್ಲಿ ನಾನು ಚೀಲ ಕೆಳಗಿಟ್ಟು ಮಂಡಿಯೂರಿ ನೋಡಿದೆ. ಹಾಸುಗಲ್ಲು ಹೊರಬದಿಗೆ ಒಂಚೂರು ವಾಲಿದೆ. ಬೆಟ್ಟದ ಬದಿಗೆ ಅಂಗೈ ಅಗಲದ ಕಲ್ಲಿನ ಕಾಲುವೆ. ಒಂದಷ್ಟು ದೂರಕ್ಕೊಂದು ದಾರಿಯ ಅಡಿಯಲ್ಲೇ ಅಡ್ಡ ಮೋರಿ, ಮೇಲೆ ಚಪ್ಪಡಿ. ಕೈ ಹಾಕಿದರೆ ನೀರು ಹರಿಯುತ್ತಿತ್ತು, ತಣ್ಣಗೆ. ಕೆಳಗಿನ ತಡೆಗೋಡೆಗೆ ಗಾರೆಯೇ ಇಲ್ಲ, ಸಂದುಗಳಿಂದ ನೀರು ಜಿನುಗಿ ಹೊರಗೆ ಹೋಗುತ್ತೆ, ಗೋಡೆಯ ಬೆನ್ನಿಗೆ ಒತ್ತಡ ಬೀಳಲ್ಲ. ನಾವು ತಡೆಗೋಡೆಗೆ ಕೊಳವೆ ಇಡುವುದೂ ಇದೇ ಕಾರಣಕ್ಕೆ.

ಮಾಚುಪಿಚುವಿನ ಒಳಗೂ ಇದೇ ಕಥೆ. ಅಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ. ಕೆನೆತ್ ರೈಟ್ ಅನ್ನುವ ಅಮೆರಿಕದ ಜಲ ಎಂಜಿನಿಯರ್ ತಮ್ಮ ತಂಡದ ಜೊತೆ ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿದರು. ಕಟ್ಟಿದ ಕೆಲಸದಲ್ಲಿ ಸುಮಾರು ಶೇ. 60 ನೆಲದ ಅಡಿಯಲ್ಲೇ ಇದೆ ಅನ್ನುವುದು ಅವರ ಅಂದಾಜು. ಅಂದರೆ ಬುನಾದಿ ಮತ್ತು ನೀರು ಬಸಿಯುವ ವ್ಯವಸ್ಥೆ. ಫೋಟೋದಲ್ಲಿ ಕಾಣುವ ಹಸಿರು ಕಟ್ಟೆಗಳ ಮೇಲ್ಪದರ ಮಣ್ಣು, ಅದರ ಕೆಳಗೆ ಮರಳು ಜಲ್ಲಿ, ತಳದಲ್ಲಿ ದಪ್ಪ ಕಲ್ಲು. ಹೂವಿನ ಕುಂಡದ ತಳಕ್ಕೆ ನಾವು ಹೆಂಚಿನ ಚೂರು ಹಾಕುತ್ತೇವಲ್ಲ, ಅದೇ ಉಪಾಯ. ಬೆಟ್ಟದ ಒರತೆಯಿಂದ 749 ಮೀಟರ್ ಉದ್ದದ ಕಾಲುವೆಯಲ್ಲಿ ಬಂದ ನೀರು ಒಂದರ ಕೆಳಗೊಂದಿರುವ 16 ಕಾರಂಜಿಗಳಲ್ಲಿ ಇಳಿಯುತ್ತೆ. ಮೊದಲನೆಯದು ದೊರೆಯ ಮನೆಯ ಪಕ್ಕ.

ನಿನಗೆ ನನ್ನದೊಂದು ಕೆಲಸ. ಮುಂದಿನ ಸಲ ಹಂಪಿಗೆ ಹೋದಾಗ ದೇವಸ್ಥಾನ ಬಿಟ್ಟು ನೀರಿನ ಹಿಂದೆ ಹೋಗು. ರಾಜರ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಹಾದುಹೋಗುವ ತೊಟ್ಟಿಗಾಲುವೆ ಇದೆ. ಅದು ಎಲ್ಲಿಂದ ಹೊರಟು ಯಾವ ಕೊಳಕ್ಕೆ ಬೀಳುತ್ತೆ ಅಂತ ನಡೆದೇ ನೋಡಿ ನನಗೆ ಬರೆ.

ಪ್ರಶ್ನೆ: ಆಲೂಗಡ್ಡೆ ಆ ಕಡೆಯಿಂದಲೇ ಬಂದದ್ದಂತೆ, ನಿಜವಾ? ಅಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? (ರೈತರೊಬ್ಬರು, ಹಾಸನ)

ನಿಜ, ಪೂರ್ತಿ ನಿಜ. ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ನೆಲದಲ್ಲಿ ಆಲೂಗಡ್ಡೆಯನ್ನು ಸಾವಿರಾರು ವರ್ಷಗಳ ಹಿಂದೆಯೇ ಬೆಳೆಗೆ ತಂದರು. ಆಲೂಗಡ್ಡೆ ಒಂದೇ ಅಲ್ಲ. ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ, ಮೆಕ್ಕೆಜೋಳ ಎಲ್ಲ ಅಮೆರಿಕ ಖಂಡಗಳಿಂದ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಆ ಕಡೆಗೇ ಹೋಗುತ್ತೆ.

ನೀವು ಜಲಂಧರದ ಬಿತ್ತನೆ ಗಡ್ಡೆ ತಂದು, ಮಳೆ ನೋಡಿ ಹಾಕಿ, ಅಂಗಮಾರಿ ರೋಗ ಬಂತೆಂದರೆ ಇಡೀ ಹೊಲ ಕಪ್ಪಾಗುವುದನ್ನು ಕಂಡವರು. ಅದಕ್ಕೇ ಇದು ನಿಮಗೆ ಹಿಡಿಸುತ್ತೆ ಅನ್ನಿಸಿತು: ಆಂಡೀಸ್ ರೈತರು ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ಹಾಕುತ್ತಾರೆ. ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯುತ್ತೆ, ಒಂದು ಚಳಿಗೆ ಸತ್ತರೆ ಮತ್ತೊಂದು ತಡೆಯುತ್ತೆ. ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇಂಥ ಸಾವಿರಾರು ತಳಿಗಳನ್ನು ಕಾಪಾಡಿಕೊಂಡು ಬಂದಿದೆ. ಕುಸ್ಕೋದ ಸಂತೆಯಲ್ಲಿ ಒಬ್ಬಾಕೆ ನೆಲಕ್ಕೆ ಕಂಬಳಿ ಹಾಸಿ ಗುಡ್ಡೆ ಮಾಡಿ ಮಾರುತ್ತಿದ್ದರು. ನೇರಳೆ ಬಣ್ಣದ್ದು, ಕೆಂಪು ಕಣ್ಣಿನದು, ಬೆರಳಿನ ಹಾಗೆ ಉದ್ದದ್ದು. ಒಂದನ್ನು ಚಾಕುವಿನಲ್ಲಿ ಕತ್ತರಿಸಿ ತೋರಿಸಿದರು, ಒಳಗೆ ಹಳದಿ ತಿರುಳಿನ ಮೇಲೆ ನೇರಳೆ ಉಂಗುರ. ಪಕ್ಕದಲ್ಲಿ ಬೆಣಚುಕಲ್ಲಿನಂಥ ಒಣಗಿದ ಗಡ್ಡೆ. ಅದು ಚೂನ್ಯೊ. ಜೂನ್ ಜುಲೈನ ಕೊರೆಯುವ ರಾತ್ರಿಯಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರವುತ್ತಾರೆ, ಹೆಪ್ಪುಗಟ್ಟುತ್ತೆ. ಹಗಲು ಕಾಲಿನಿಂದ ತುಳಿದು ನೀರು ತೆಗೆಯುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡಲ್ಲ.

ಊಟದ ಚಿಂತೆ ಬೇಡ. ದಾರಿಯಲ್ಲಿ ಅಡುಗೆಯವರು ಜೊತೆಗೇ ಬರುತ್ತಾರೆ. ಕಿನೋವಾ ಸೂಪು, ಬೇಯಿಸಿದ ಜೋಳದ ತೆನೆ, ಅನ್ನ, ಬೀನ್ಸ್, ಆಲೂಗಡ್ಡೆ ಧಾರಾಳವಾಗಿ ಸಿಗುತ್ತೆ. ಆದರೆ ಸರಿಯಾಗಿ ಹೇಳಬೇಕು. 'ಕಾರ್ನೆ' ಬೇಡ ಅಂದರೆ ಎಷ್ಟೋ ಜನ ಕೋಳಿಯನ್ನು ಅದರಲ್ಲಿ ಸೇರಿಸಲ್ಲ. ಹಾಗಾಗಿ 'ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ' ಅನ್ನಿ: ಮಾಂಸ, ಕೋಳಿ, ಮೀನು ಯಾವುದೂ ಬೇಡ. ಸೂಪಿನ ನೀರು ಕೋಳಿ ಬೇಯಿಸಿದ್ದಾ ಅಂತ ಬೇರೆಯೇ ಕೇಳಿ. ಚಟ್ನಿಪುಡಿ ಒಂದು ಪೊಟ್ಟಣ ಇಟ್ಟುಕೊಂಡಿದ್ದೆ. ಬಿಸಿ ಆಲೂಗಡ್ಡೆಗೆ ಹಾಕಿಕೊಂಡರೆ ಬೇರೇನೂ ಬೇಡ.

ಪ್ರಶ್ನೆ: ನಮ್ಮ ಸಾಮಾನನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಿ ನಡೆಯೋದು ಸರಿಯಾ? ಇದೊಂದು ಮನಸ್ಸಿಗೆ ಕೊರೆಯುತ್ತಿದೆ. (ಮೈಸೂರು)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆ. ಬಂದ ಕಾಗದಗಳಲ್ಲಿ ಇದನ್ನು ಕೇಳಿದವರು ನೀವೊಬ್ಬರೇ.

ಹೊರೆಯಾಳುಗಳು ಬಹುತೇಕ ಸುತ್ತಲಿನ ಹಳ್ಳಿಗಳ ಕೆಚುವಾ ಮಾತಾಡುವ ರೈತರು. ಹೊಲದ ಕೆಲಸದ ನಡುವೆ ಇದು ಕೈಗೆ ಕಾಸು ಕೊಡುವ ಕೆಲಸ. ಹಿಂದೆ ಒಬ್ಬೊಬ್ಬರ ಮೇಲೆ 40 ಕಿಲೋ, ಅದಕ್ಕೂ ಜಾಸ್ತಿ ಹೇರುತ್ತಿದ್ದರು. ಹೇಳುವವರು ಕೇಳುವವರು ಇರಲಿಲ್ಲ. 2001ರಲ್ಲಿ ಪೆರು ಸರ್ಕಾರ ಹೊರೆಯಾಳುಗಳಿಗೆಂದೇ ಕಾನೂನು ಮಾಡಿ 20 ಕಿಲೋ ಮಿತಿ ಹಾಕಿತು. ದಾರಿ ಶುರುವಾಗುವಲ್ಲೇ ತಕ್ಕಡಿ ಇದೆ, ಪ್ರತಿ ಮೂಟೆಯನ್ನೂ ತೂಗಿ ಬಿಡುತ್ತಾರೆ. ಆದರೂ ಕೂಲಿ, ಊಟ, ಮಲಗುವ ಜಾಗದಲ್ಲಿ ಎಲ್ಲ ಸಂಸ್ಥೆಗಳೂ ಒಂದೇ ಥರ ಇಲ್ಲ. ನಾವು ಹೋಗಿದ್ದ ಗುಂಪಿನ ಹೊರೆಯಾಳುಗಳು ನಾವು ಊಟ ಮಾಡಿ ಎದ್ದ ಮೇಲೆ ಅದೇ ಊಟದ ಡೇರೆಯಲ್ಲಿ ಮಲಗುತ್ತಿದ್ದರು. ಎರಡನೇ ದಿನದ ಬಿಡಾರ 3,600 ಮೀಟರ್ ಎತ್ತರದಲ್ಲಿ, ನೀರು ಗಡ್ಡೆ ಕಟ್ಟುವ ಚಳಿ. ಒಬ್ಬರು ಟೈರಿನಿಂದ ಕತ್ತರಿಸಿ ಮಾಡಿದ ಚಪ್ಪಲಿಯಲ್ಲೇ ನೆತ್ತಿ ದಾಟಿ ಬಂದಿದ್ದರು, ಸಾಕ್ಸ್ ಇರಲಿಲ್ಲ, ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. ಅದನ್ನು ನೋಡಿ ನನಗೆ ಆ ರಾತ್ರಿ ಸಿಟ್ಟು ಬಂದದ್ದು ಇನ್ನೂ ಇಳಿದಿಲ್ಲ.

ಹೊರಿಸಬೇಡಿ ಅಂತ ನಾನು ಹೇಳಲ್ಲ. ನೀವು ಹೋಗದಿದ್ದರೆ ಆ ಮನೆಗೆ ಆ ದುಡ್ಡೂ ಹೋಗಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ಸಂಸ್ಥೆಯನ್ನು ಬರಹದಲ್ಲೇ ಕೇಳಿ: ದಿನಗೂಲಿ ಎಷ್ಟು? ಮಲಗಲು ಅವರದೇ ಡೇರೆ, ಚಾಪೆ, ಚೀಲ ಇದೆಯಾ? ಶೂ, ಮಳೆಕೋಟು ಯಾರು ಕೊಡುತ್ತಾರೆ? ಕಾಯಿಲೆ ಬಿದ್ದರೆ ವಿಮೆ ಇದೆಯಾ? ನುಣುಚಿಕೊಳ್ಳುವ ಉತ್ತರ ಬಂದರೆ ಬೇರೆ ಸಂಸ್ಥೆ ನೋಡಿ. ತೀರಾ ಅಗ್ಗದ ದರ ಕಂಡರೆ ಅದು ಯಾರ ಹೊಟ್ಟೆಯಿಂದ ಉಳಿಸಿದ್ದು ಅಂತ ಯೋಚಿಸಿ. ಕೊನೆಯ ದಿನದ ಬಕ್ಷೀಸನ್ನು ಒಟ್ಟಿಗೆ ಯಾರಿಗೋ ಕೊಟ್ಟುಬಿಡಬೇಡಿ. ಅಲ್ಲಿನ ಹಣ ಸೋಲ್, ಅದರ ಚಿಲ್ಲರೆ ನೋಟುಗಳನ್ನು ಮೊದಲೇ ಇಟ್ಟುಕೊಂಡು ಪ್ರತಿಯೊಬ್ಬರ ಕೈಗೇ ಕೊಡಿ. ಮೊದಲ ದಿನವೇ ಹೆಸರು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ ಮಾಚುಪಿಚು ಕಂಡುಹಿಡಿದ ಅಂತ ಮಕ್ಕಳಿಗೆ ಹೇಳಿಕೊಡುತ್ತೇನೆ. ಸರಿ ತಾನೇ? (ಶಿಕ್ಷಕರು, ಬಳ್ಳಾರಿ)

ತಾರೀಖು ಸರಿ ಸರ್, 24 ಜುಲೈ 1911. 'ಕಂಡುಹಿಡಿದ' ಅನ್ನುವುದನ್ನು ಬಿಟ್ಟುಬಿಡಿ. ಆತನನ್ನು ಮೇಲಕ್ಕೆ ಕರೆದುಕೊಂಡು ಹೋದದ್ದು ಮೆಲ್ಚೋರ್ ಆರ್ತೆಯಾಗ ಅನ್ನುವ ಅಲ್ಲಿನ ರೈತ. ಮೇಲೆ ಹೋದರೆ ಎರಡು ಕುಟುಂಬ ಆ ಹಳೆಯ ಕಟ್ಟೆಗಳ ಮೇಲೇ ಬೆಳೆ ತೆಗೆಯುತ್ತಿದ್ದವು. ಅವಶೇಷಗಳ ನಡುವೆ ದಾರಿ ತೋರಿಸಿದ್ದು ಆ ಮನೆಯ ಚಿಕ್ಕ ಹುಡುಗ. ಗೋಡೆಯ ಮೇಲೆ ಆಗಲೇ ಒಂದು ಹೆಸರೂ ಇತ್ತು: ಅಗುಸ್ತೀನ್ ಲಿಸಾರಗ, 1902. ಬಿಂಗಮ್ ಅದನ್ನು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ. ಆತ ಜಗತ್ತಿಗೆ ಪರಿಚಯಿಸಿದ, ಅಷ್ಟು ಹೇಳಿದರೆ ಸಾಕು. ಅಲ್ಲಿಂದ, ಆತ ಕೆಲಸ ಮಾಡುತ್ತಿದ್ದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ ವಸ್ತುಗಳು 2011, 2012ರಲ್ಲಿ ಪೆರುವಿಗೆ ವಾಪಸ್ ಬಂದವು. ಈಗ ಕುಸ್ಕೋದ ಕಾಸಾ ಕೊಂಚಾ ಮ್ಯೂಸಿಯಮ್ಮಿನಲ್ಲಿವೆ. ಮಕ್ಕಳಿಗೆ ಅದನ್ನೂ ಹೇಳಿ.

ಪ್ರಶ್ನೆ: ವೀಸಾ, ಲಸಿಕೆ ಏನೇನು ಬೇಕು? ಕೋಕಾ ಎಲೆ ತರಬಹುದಾ? (ಹಲವರು ಕೇಳಿದ್ದಾರೆ)

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ) ವೀಸಾ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಪೆರುವಿಗೆ ಬೇರೆ ವೀಸಾ ಬೇಕಿಲ್ಲ. ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತೆ, ಟಿಕೆಟ್ ಮಾಡುವ ಮುಂಚೆ ಅಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಹಳದಿ ಜ್ವರದ ಲಸಿಕೆಯ ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. ಇಂಕಾ ದಾರಿಯಲ್ಲಿ ಆ ಜ್ವರದ ಭಯ ಇಲ್ಲ, ಆದರೆ ಪೆರು ದೇಶ ನಮ್ಮ ಸರ್ಕಾರ ಮಾಡಿದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಪೆರು ಬಿಟ್ಟ ಆರು ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಗಿ ಇಡುತ್ತಾರೆ. ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. 60 ದಾಟಿದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ತೀರ್ಥಹಳ್ಳಿಯ ಟೀಚರ್, ನೀವು ವಾಪಸ್ ಶಿಕಾಗೋಗೆ ಹೋಗಿ ಮಗಳ ಜೊತೆ ಒಂದೆರಡು ವಾರ ಇದ್ದು ಊರಿಗೆ ಬರುವುದಾದರೆ ಈ ತಾಪತ್ರಯವೇ ಇರಲ್ಲ.

ಕೋಕಾ ಎಲೆಯ ಕಷಾಯ ಕುಸ್ಕೋದ ಪ್ರತಿ ಹೋಟೆಲಿನಲ್ಲೂ ಕೊಡುತ್ತಾರೆ, ಅಲ್ಲಿ ಅದು ಕಾನೂನಿಗೆ ವಿರುದ್ಧ ಅಲ್ಲ. ಕುಡಿಯುವುದಿದ್ದರೆ ಅಲ್ಲೇ ಕುಡಿಯಿರಿ. ಕೊಕೇನ್ ತೆಗೆಯುವುದು ಇದೇ ಎಲೆಯಿಂದ, ಹಾಗಾಗಿ ನಮ್ಮಲ್ಲಿ 1985ರ ಮಾದಕ ವಸ್ತು ಕಾಯಿದೆಯ ಕೆಳಗೆ ಎಲೆಯೂ ಅಪರಾಧವೇ. ಟೀ ಬ್ಯಾಗು, ಕ್ಯಾಂಡಿ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಹೊರಡುವ ರಾತ್ರಿ ಜೇಬು, ಚೀಲದ ಮೂಲೆ ಎಲ್ಲ ಒಮ್ಮೆ ತಡಕಿ ನೋಡಿಕೊಳ್ಳಿ.